ಮನೆಯೇನೋ ಸಿಕ್ಕಿತು, ಬಾಗಿಲು ಎಲ್ಲಿ?

ಬಡವರಿಗೆ ಮನೆ ಕಟ್ಟಿಸಿಕೊಡುವುದು ಕರಾವಳಿಯ ಮುಸ್ಲಿಮರಲ್ಲಿ ಈಗ ಒಂದು ಪರಿಪಾಠವೇ ಆಗಿದೆ. ಊರಿನ ಜಮಾಅತ್‌ಗಳು, ಯುವಕ ಸಂಘಗಳು, ಗಲ್ಫ್‌ನಲ್ಲಿ ದುಡಿಯುವವರ ಒಕ್ಕೂಟಗಳು ರಮಝಾನ್‌ನಲ್ಲಿ ಹಣ ಕೂಡಿಸುತ್ತವೆ. ಮಳೆ ಬಿಟ್ಟ ಮೇಲೆ ಅಡಿಪಾಯ ಹಾಕಿ, ಮುಂದಿನ ಮಳೆಗೆ ಮುಂಚೆ ಮಾಡು ಹೊದಿಸಿ ಕೊಡುತ್ತವೆ. ಈ ಕೆಲಸವನ್ನು ನಾವು ಲಘುವಾಗಿ ಕಾಣುವುದಿಲ್ಲ. ಸರಕಾರದ ಕಡತ ನಾಲ್ಕು ಮೇಜು ದಾಟುವುದರೊಳಗೆ ಈ ಹುಡುಗರು ಒಂದು ಕುಟುಂಬವನ್ನು ಟಾರ್ಪಾಲಿನ ಅಡಿಯಿಂದ ಎತ್ತಿ ಗಟ್ಟಿ ಗೋಡೆಯೊಳಗೆ ಕೂರಿಸಿರುತ್ತಾರೆ. ಅವರ ಬೆವರಿಗೆ ಅಲ್ಲಾಹನು ತಕ್ಕ ಪ್ರತಿಫಲ ಕೊಡಲಿ.

ಆದರೆ ಕೀಲಿಕೈ ಹಸ್ತಾಂತರದ ಫೋಟೋಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಬ್ಯಾನರ್ ಇರುತ್ತದೆ, ಗಣ್ಯರಿರುತ್ತಾರೆ, ತಂದೆಯ ಕೈಯಲ್ಲಿ ಹೊಳೆಯುವ ಬೀಗದ ಕೈ ಇರುತ್ತದೆ. ಕುಟುಂಬದಲ್ಲಿ ವಿಕಲಚೇತನ ಮಗುವಿದ್ದರೆ ಅದನ್ನು ಯಾರಾದರೂ ಎತ್ತಿಕೊಂಡು ಬಂದು ಕ್ಯಾಮರಾದ ಮುಂದೆ ಹಿಡಿದಿರುತ್ತಾರೆ. ಎತ್ತಿಕೊಂಡೇ ಬರಬೇಕು, ಏಕೆಂದರೆ ಹಿಂದೆ ಕಾಣುವ ಹೊಸ ಮನೆಗೆ ಮೂರು ಮೆಟ್ಟಿಲುಗಳಿವೆ. ಬಾಗಿಲು ಎರಡೂವರೆ ಅಡಿ. ಶೌಚಾಲಯ ಮನೆಯ ಹಿಂಬದಿಯಲ್ಲಿ, ಇನ್ನೂ ಎರಡು ಮೆಟ್ಟಿಲು ಇಳಿದು. ಈ ಕುಟುಂಬವನ್ನು ಫಲಾನುಭವಿಯಾಗಿ ಆರಿಸಿದ್ದೇ ಆ ಮಗುವಿನ ಕಾರಣಕ್ಕೆ. ನಕ್ಷೆ ಬರೆಯುವಾಗ ಮಾತ್ರ ಆ ಮಗುವಿನ ನೆನಪು ಯಾರಿಗೂ ಬಂದಿಲ್ಲ.

ಇದು ಒಂದು ಸಂಘದ ತಪ್ಪಲ್ಲ. ಸರಕಾರಿ ವಸತಿ ಯೋಜನೆ, ದಾನಿಗಳ ಕೊಡುಗೆ, ಬಿಲ್ಡರ್‌ಗಳ ಫ್ಲ್ಯಾಟು, ಎಲ್ಲ ಕಡೆಯೂ ಇದೇ ಕಥೆ. ನಮ್ಮ ದೇಶದಲ್ಲಿ ಮನೆಯೆಂದರೆ ನಾಲ್ಕು ಗೋಡೆ, ಒಂದು ಸೂರು, ಒಂದು ನಂಬರು. ಅಲ್ಲಿ ವಾಸಿಸುವವರು ನಡೆಯುತ್ತಾರೋ ತೆವಳುತ್ತಾರೋ, ನೋಡುತ್ತಾರೋ ತಡಕುತ್ತಾರೋ ಎಂದು ಕೇಳುವ ಒಂದು ಕಾಲಂ ಕೂಡ ಅರ್ಜಿಯಲ್ಲಿ ಇರುವುದಿಲ್ಲ. ವಿಕಲತೆಯ ಶೇಕಡಾವಾರು ಪ್ರಮಾಣಪತ್ರ ಕೇಳುತ್ತಾರೆ, ಅದು ಮನೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು. ಎಂಥ ಮನೆ ಎಂದು ತೀರ್ಮಾನಿಸಲು ಆ ಕಾಗದವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಹೀಗೆ ಕೊಟ್ಟ ಮನೆ ಆ ಮಗುವಿಗೆ ಸೆರೆಮನೆಯಾಗುತ್ತದೆ, ತಾಯಿಗೆ ಜೀವಾವಧಿ ಕೂಲಿಯಾಗುತ್ತದೆ ಎಂಬುದು ನಮ್ಮ ಆಕ್ಷೇಪ.

ಹೆಸರು ಬದಲಿಸುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ. ಮೊದಲು ಅಂಗವಿಕಲರು ಎಂದೆವು, ಆಮೇಲೆ ವಿಕಲಚೇತನರು ಎಂದೆವು. 2015ರ ಕೊನೆಯಲ್ಲಿ ಪ್ರಧಾನಿಯವರು 'ದಿವ್ಯಾಂಗ' ಎಂಬ ಪದ ಸೂಚಿಸಿದರು, ಕಚೇರಿಯ ಫಲಕಗಳು ಬದಲಾದವು. ಹೊಸ್ತಿಲಿನ ಎತ್ತರ ಒಂದಿಂಚೂ ಇಳಿಯಲಿಲ್ಲ.

ಮೆಟ್ಟಿಲು ಎಂದರೆ ಅಂಥ ದೊಡ್ಡ ಸಂಗತಿಯೇ ಎಂದು ಕೇಳುವವರಿದ್ದಾರೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ನಾಲ್ಕು ವರ್ಷವಾದಾಗ ತೂಕ ಹನ್ನೆರಡು ಹದಿಮೂರು ಕಿಲೋ. ತಾಯಿ ಸೊಂಟದ ಮೇಲೆ ಕೂರಿಸಿಕೊಂಡು ಬಾವಿಕಟ್ಟೆಗೂ ಅಂಗಳಕ್ಕೂ ಓಡಾಡುತ್ತಾಳೆ. ನೋಡಿದವರು 'ಪಾಪ' ಎನ್ನುತ್ತಾರೆ. ಹತ್ತು ವರ್ಷ ಕಳೆದರೆ ಅದೇ ಮಗು ಮೂವತ್ತೈದು ಕಿಲೋದ ಹುಡುಗ. ತಾಯಿಗೆ ಆಗ ನಲವತ್ತು ದಾಟಿದೆ, ಬೆನ್ನು ಸೋತಿದೆ. ಮಗನನ್ನು ಬೆಳಿಗ್ಗೆ ಹಾಸಿಗೆಯಿಂದ ಎತ್ತಬೇಕು, ಬಚ್ಚಲಿಗೆ ಒಯ್ಯಬೇಕು, ಕೂರಿಸಬೇಕು, ಮತ್ತೆ ಎತ್ತಬೇಕು. ದಿನಕ್ಕೆ ಹತ್ತು ಹನ್ನೆರಡು ಬಾರಿ. ಒದ್ದೆ ನೆಲದಲ್ಲಿ ಆಕೆಯ ಕಾಲು ಒಮ್ಮೆ ಜಾರಿದರೆ ಇಬ್ಬರೂ ಬೀಳುತ್ತಾರೆ. ಅಂಗಡಿಯಲ್ಲಿ ಐವತ್ತು ಕಿಲೋದ ಅಕ್ಕಿ ಮೂಟೆ ಹೊರುವವನಿಗೆ ನಾವು ಕೂಲಿ ಕೊಡುತ್ತೇವೆ, ಸಂಜೆ ಆತ ಮನೆಗೆ ಹೋಗುತ್ತಾನೆ. ಈಕೆಗೆ ಹೋಗಲು ಬೇರೆ ಮನೆಯಿಲ್ಲ.

ಇಂಥ ಮನೆಗಳಲ್ಲಿ ಏನಾಗುತ್ತದೆ ಎಂದು ನೋಡಿದವರಿಗೆ ಗೊತ್ತು. ಮೊದಲು ಮಗು ಶಾಲೆಗೆ ಹೋಗುವುದು ನಿಲ್ಲುತ್ತದೆ, ಶಾಲೆ ದೂರ ಎಂಬ ಕಾರಣಕ್ಕಲ್ಲ, ಮನೆಯಿಂದ ರಸ್ತೆಗೆ ಇಳಿಸುವವರಿಲ್ಲ ಎಂಬ ಕಾರಣಕ್ಕೆ. ಆಮೇಲೆ ಫಿಸಿಯೋಥೆರಪಿ ನಿಲ್ಲುತ್ತದೆ. ಆಮೇಲೆ ಮದುವೆ, ಹಬ್ಬಗಳಿಗೆ ಹೋಗುವುದು ನಿಲ್ಲುತ್ತದೆ. ಕೊನೆಗೆ ಅಂಗಳಕ್ಕೆ ಬರುವುದೂ ನಿಂತು ಒಂದು ಕೋಣೆ, ಒಂದು ಚಾಪೆ, ಒಂದು ಕಿಟಕಿ ಉಳಿಯುತ್ತದೆ. ಸರಕಾರದ ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ ಮೂಲೆಯಲ್ಲಿ ಮಡಚಿ ನಿಂತಿರುತ್ತದೆ, ಅದರ ಮೇಲೆ ಒಣಗಿದ ಬಟ್ಟೆ. ಗಾಲಿಕುರ್ಚಿ ಕೊಟ್ಟ ಇಲಾಖೆಗೂ ಮನೆ ಕೊಟ್ಟ ಇಲಾಖೆಗೂ ಪರಸ್ಪರ ಪರಿಚಯವಿಲ್ಲ. ಎರಡೂವರೆ ಅಡಿಯ ಬಾಗಿಲಿನ ಚೌಕಟ್ಟು ಕಳೆದು ಉಳಿಯುವ ಜಾಗದಲ್ಲಿ ಗಾಲಿಕುರ್ಚಿ ತೂರಿಸುವ ಸಾಹಸದಲ್ಲಿ ಕೈಬೆರಳುಗಳ ಗಂಟು ಸುಲಿದುಹೋಗುತ್ತವೆ.

ಶೌಚಾಲಯದ ವಿಷಯ ಹೇಳಲು ಸಂಕೋಚಪಡುವ ಕಾಲ ಇದಲ್ಲ. ಸ್ವಚ್ಛ ಭಾರತ ಅಭಿಯಾನದಲ್ಲಿ 12,000 ರೂಪಾಯಿ ಪ್ರೋತ್ಸಾಹಧನದ ಲೆಕ್ಕದಲ್ಲಿ ಕಟ್ಟಿದ ಕೋಣೆಗಳು ನಮ್ಮ ಹಳ್ಳಿಗಳಲ್ಲಿ ಸಾಲುಗಟ್ಟಿವೆ. ಒಬ್ಬರು ಕುಕ್ಕರಗಾಲಿನಲ್ಲಿ ಕೂರುವಷ್ಟೇ ಜಾಗ. ಕುಕ್ಕರಗಾಲಿನಲ್ಲಿ ಕೂರಲಾಗದ ಮಗುವಿಗೂ, ಅದನ್ನು ಹಿಡಿದುಕೊಳ್ಳಬೇಕಾದ ತಾಯಿಗೂ ಅಲ್ಲಿ ಒಟ್ಟಿಗೆ ಸ್ಥಳವಿಲ್ಲ. ಹೀಗಾಗಿ ಬಯಲು ಶೌಚಮುಕ್ತ ಎಂದು ಘೋಷಿಸಿಕೊಂಡ ಗ್ರಾಮದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಮಲಗುವ ಕೋಣೆಯ ಮೂಲೆಯಲ್ಲಿ ಹಳೆ ಬಟ್ಟೆಯ ಮೇಲೆ ಶೌಚ ಮಾಡುತ್ತಾಳೆ. ಮುಟ್ಟಿನ ದಿನಗಳಲ್ಲಿ ಆಕೆಯ ಮತ್ತು ಆಕೆಯ ತಾಯಿಯ ಪಾಡೇನು? ಮಾನ, ಹಯಾ ಎಂದು ವೇದಿಕೆಯಲ್ಲಿ ಗಂಟೆಗಟ್ಟಲೆ ಮಾತಾಡುವ ನಮ್ಮವರು ಈ ಹುಡುಗಿಯ ಮಾನದ ಬಗ್ಗೆ ಒಂದು ಇಟ್ಟಿಗೆಯ ಮಟ್ಟಿಗಾದರೂ ಯೋಚಿಸಿದ್ದಾರೆಯೇ?

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗಡಿಯ ಈಚೆಗೆ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಅದನ್ನೇ ಮಾಡಿತು. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳ ವಿಚಿತ್ರ ಕಾಯಿಲೆಗಳನ್ನು ಕಂಡು ಎಚ್ಚರಿಸಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಹೆಸರು ರಾಜ್ಯಕ್ಕೆಲ್ಲ ತಿಳಿದದ್ದು ಹಾಸಿಗೆ ಹಿಡಿದ ಮಕ್ಕಳ ಚಿತ್ರಗಳಿಂದ. 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ವಿಷವನ್ನು ದೇಶಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಕರ್ನಾಟಕದಲ್ಲೂ ಹೋರಾಟಗಳ ಫಲವಾಗಿ ಪರಿಹಾರ ಬಂತು, ಮಾಸಾಶನ ಬಂತು, ಕೊಕ್ಕಡದಲ್ಲಿ ಹಗಲು ಹೊತ್ತಿನ ಪಾಲನಾ ಕೇಂದ್ರ ಬಂತು.

ಇಷ್ಟೆಲ್ಲ ಆದ ಮೇಲೂ ಮನೆಯ ವಿಷಯ ಹಾಗೆಯೇ ಉಳಿಯಿತು. ಈ ಭಾಗದ ನೆಲ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಬಯಲು ಜಾಗವೆಲ್ಲ ಗದ್ದೆ, ಅಡಿಕೆ ತೋಟ. ಬಡವನಿಗೆ ಸಿಗುವ ಐದು ಸೆಂಟ್ಸ್ ಯಾವಾಗಲೂ ಗುಡ್ಡದ ಓರೆಯಲ್ಲೇ. ರಸ್ತೆಯಿಂದ ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳು, ನಡುವೆ ಒಂದು ತೋಡು, ತೋಡಿಗೆ ಅಡಿಕೆ ಮರದ ಸಂಕ. ಮಳೆಗಾಲದಲ್ಲಿ ಗಂಡಾಳು ಕೂಡ ಕಾಲೂರಿ ನಡೆಯಬೇಕಾದ ದಾರಿಯಲ್ಲಿ ಇಪ್ಪತ್ತು ವರ್ಷದ ಮಗನನ್ನು ಹೊತ್ತುಕೊಂಡು ಪಾಲನಾ ಕೇಂದ್ರದ ವಾಹನ ನಿಲ್ಲುವಲ್ಲಿಗೆ ಹೇಗೆ ಬರುವುದು? ವಾಹನ ಇದೆ, ಕೇಂದ್ರ ಇದೆ, ಸಿಬ್ಬಂದಿ ಇದ್ದಾರೆ. ಮನೆಯಿಂದ ವಾಹನದವರೆಗಿನ ಇನ್ನೂರು ಗಜದ ದಾರಿ ಮಾತ್ರ ಯಾವ ಇಲಾಖೆಯ ವ್ಯಾಪ್ತಿಗೂ ಬರುವುದಿಲ್ಲ. ಅಂದು ತೊಟ್ಟಿಲಲ್ಲಿದ್ದವರು ಈಗ ಇಪ್ಪತ್ತೈದು, ಮೂವತ್ತರ ಪ್ರಾಯದವರು. ಎತ್ತುವ ಕೈಗಳಿಗೆ ಅರುವತ್ತಾಗಿದೆ.

ಕಾನೂನು ಏನು ಹೇಳುತ್ತದೆ ಎಂದು ನೋಡೋಣ. 1995ರ ಕಾಯ್ದೆಯಲ್ಲೇ ಮನೆ ಕಟ್ಟಲು ರಿಯಾಯಿತಿ ದರದಲ್ಲಿ ಆದ್ಯತೆಯ ಮೇಲೆ ಜಾಗ ಕೊಡಬೇಕೆಂಬ ಮಾತಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 37ನೇ ಕಲಂ ಪ್ರಕಾರ ವಸತಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲಾತಿ ಇದೆ, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ಕರ್ನಾಟಕದಲ್ಲಿ ದೇವರಾಜ ಅರಸು ವಸತಿ ಯೋಜನೆ ಇಂಥ ವಿಶೇಷ ವರ್ಗಗಳಿಗೆಂದೇ ಇರುವುದು. ಆದರೆ ಎಷ್ಟು ಮನೆ ಎಂದು ಹೇಳುವ ಕಲಂ ಎಂಥ ಮನೆ ಎಂದು ಹೇಳುವುದಿಲ್ಲ. ಕಟ್ಟಡಗಳು ಸುಗಮವಾಗಿರಬೇಕು ಎಂದು ಹೇಳುವ ಮುಂದಿನ ಕಲಂಗಳ ಕಣ್ಣೆಲ್ಲ ಸಾರ್ವಜನಿಕ ಕಟ್ಟಡಗಳು ಮತ್ತು ಸಂಸ್ಥೆಗಳ ಮೇಲೆ. ಅದಾದರೂ ಪಾಲನೆಯಾಯಿತೇ? ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ರಲ್ಲಿ ಮುಗಿಯಿತು. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೇಂದ್ರದ ನಿಯಮವನ್ನೇ ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತಿತು. ಕಾರಣ, ಕಾಯ್ದೆ 'ಮಾಡಲೇಬೇಕು' ಎಂದಿದ್ದನ್ನು ನಿಯಮ 'ಮಾಡಿದರೆ ಒಳ್ಳೆಯದು' ಎಂಬ ಸಲಹೆಯ ಮಟ್ಟಕ್ಕೆ ಇಳಿಸಿತ್ತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸಿ ಎಂದು ನ್ಯಾಯಾಲಯ ಹೇಳಬೇಕಾಯಿತು. ಕಾಯ್ದೆ ಜಾರಿಯಾಗಿ ಏಳು ವರ್ಷಗಳ ನಂತರ!

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ 25 ಚದರ ಮೀಟರ್ ಎಂದು ನಿಗದಿಯಾಗಿದೆ, ಅಂದರೆ ಸುಮಾರು 270 ಚದರ ಅಡಿ. ಬಯಲು ಪ್ರದೇಶದಲ್ಲಿ ಸಹಾಯಧನ 1.20 ಲಕ್ಷ. ಗಾಲಿಕುರ್ಚಿಯೊಂದು ಒಂದು ಸುತ್ತು ತಿರುಗಲು ಒಂದೂವರೆ ಮೀಟರ್, ಅಂದರೆ ಐದಡಿ ಬೇಕು. ಹಾಗೆ ತಿರುಗುವ ಒಂದೇ ಒಂದು ಜಾಗಕ್ಕೆ ಆ ಮನೆಯ ಹತ್ತನೇ ಒಂದು ಪಾಲು ಹೋಗುತ್ತದೆ. ಹೀಗಿರುವಾಗ ಇಂಥ ಮಗುವಿರುವ ಮನೆಗೂ ಇಲ್ಲದ ಮನೆಗೂ ಅದೇ ಅಳತೆ, ಅದೇ ಮೊತ್ತ ಎಂಬುದು ಸಮಾನತೆಯಂತೆ ಕಾಣುವ ಅನ್ಯಾಯ. ಶೇ. 5 ಮೀಸಲಾತಿಯ ಜೊತೆಗೆ ಆ ಮನೆಗಳಿಗೆ ಹೆಚ್ಚುವರಿ ಚದರಡಿ ಮತ್ತು ಅದಕ್ಕೆ ತಕ್ಕ ಹಣವೂ ಸೇರಬೇಕು. ನಗರಗಳ ಯೋಜನೆಯಲ್ಲಿ ನೆಲ ಅಂತಸ್ತಿನ ಮನೆಗಳನ್ನು ವಿಕಲಚೇತನರಿಗೂ ವೃದ್ಧರಿಗೂ ಆದ್ಯತೆಯ ಮೇಲೆ ಕೊಡಬೇಕೆಂದು ಮಾರ್ಗಸೂಚಿ ಇದೆ. ಒಳ್ಳೆಯದೇ. ಆದರೆ ವಿಕಲಚೇತನರು ಎಂದಾಗ ಅಧಿಕಾರಿಯ ಕಣ್ಣಿಗೆ ಬರುವುದು ಅರ್ಜಿದಾರ. ಅರ್ಜಿದಾರ ಗಟ್ಟಿಮುಟ್ಟಾದ ತಂದೆ, ನಡೆಯಲಾಗದವಳು ಎಂಟು ವರ್ಷದ ಮಗಳು. ಚೀಟಿ ಎತ್ತಿದಾಗ ಮೂರನೇ ಮಹಡಿ ಬಂದರೆ, ಲಿಫ್ಟಿಲ್ಲದ ಆ ಕಟ್ಟಡದಲ್ಲಿ, ತಂದೆ ಯಾರ ಬಳಿ ಹೋಗಿ ಅಳಬೇಕು? 'ಅರ್ಜಿದಾರ' ಎಂಬ ಪದವಿರುವಲ್ಲಿ 'ಕುಟುಂಬದ ಯಾವುದೇ ಸದಸ್ಯ' ಎಂದು ತಿದ್ದಲು ಯಾವ ಬಜೆಟ್ಟೂ ಬೇಕಿಲ್ಲ.

ಹಣವಿಲ್ಲ, ಜಾಗವಿಲ್ಲ ಎಂಬ ನೆಪಗಳ ಬಗ್ಗೆಯೂ ಸ್ವಲ್ಪ ಮಾತಾಡಬೇಕು. ಇಳಿಜಾರಿನ ಲೆಕ್ಕ ಸುಲಭ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಇನ್ನೂ ಉದ್ದವಾದರೆ ಇನ್ನೂ ಒಳ್ಳೆಯದು. ನಮ್ಮ ಮಳೆಗೆ ಒಂದೂವರೆ ಅಡಿಯ ಪಂಚಾಂಗ ಬೇಕೇ ಬೇಕು, ಆದ್ದರಿಂದ ಹದಿನೆಂಟು ಅಡಿಯ ಇಳಿಜಾರು. ಇಪ್ಪತ್ತು ಅಡಿ ಅಗಲದ ನಿವೇಶನದ ನಡುಮಧ್ಯೆ ಮನೆ ಕೂರಿಸಿ, ಎಲ್ಲ ಮುಗಿದ ಮೇಲೆ 'ರ್‍ಯಾಂಪ್ ಎಲ್ಲಿ ಹಾಕುವುದು' ಎಂದು ಕೇಳಿದರೆ ಯಾವ ಮೇಸ್ತ್ರಿಯೂ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ಮಾನ ಉಳಿಸಿಕೊಳ್ಳಲು ಮೆಟ್ಟಿಲ ಮೇಲೆಯೇ ಸಿಮೆಂಟ್ ಎಳೆದು ಒಂದು ಜಾರುಬಂಡಿ ಮಾಡುತ್ತಾರೆ. ಸರಕಾರಿ ಕಚೇರಿಗಳಲ್ಲಿ ಇಂಥವನ್ನು ಓದುಗರು ಕಂಡಿರಬಹುದು. ಅದರಲ್ಲಿ ಗಾಲಿಕುರ್ಚಿ ಇಳಿದರೆ ನೇರ ಆಸ್ಪತ್ರೆಗೆ.

ಅದೇ ಮೇಸ್ತ್ರಿಯನ್ನು ಅಡಿಪಾಯಕ್ಕೆ ಮೊದಲು ಕೇಳಿದರೆ ಆತ ಬೇರೆ ಉತ್ತರ ಕೊಡುತ್ತಾನೆ. ಗುಡ್ಡದ ಓರೆ ನಮ್ಮ ಶತ್ರುವೇ ಆಗಬೇಕಿಲ್ಲ. ಬಾಗಿಲನ್ನು ಇಳಿಮುಖದ ಬದಲು ಏರುಮುಖಕ್ಕೆ ಇಟ್ಟರೆ ನೆಲವೇ ಹೊಸ್ತಿಲ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಡುವೆ ಮಳೆನೀರಿಗೆ ಒಂದು ಚರಂಡಿ, ಅದರ ಮೇಲೆ ಒಂದು ಚಪ್ಪಡಿ ಸಾಕು. ದಾರಿ ಮೇಲ್ಬದಿಯಿಂದ ಬರುವಂತಿದ್ದರೆ ಇಳಿಜಾರೇ ಬೇಕಾಗುವುದಿಲ್ಲ. ಬಾಗಿಲನ್ನು ಎರಡೂವರೆಯಿಂದ ಮೂರಡಿಗೆ, ಚೌಕಟ್ಟು ಬಿಟ್ಟು ಮೂರಡಿಗೆ, ಅಗಲಿಸಿದರೆ ಸ್ವಲ್ಪ ಮರ ಹೆಚ್ಚು ಬೇಕು, ಅಷ್ಟೇ ಜಾಗದ ಕೆಂಪುಕಲ್ಲು ಉಳಿಯುತ್ತದೆ. ಹೊಸ್ತಿಲೇ ಇಲ್ಲದ ಬಾಗಿಲಿಗೆ ಖರ್ಚು ಕಡಿಮೆ. ಬಚ್ಚಲನ್ನೂ ಶೌಚಾಲಯವನ್ನೂ ಬೇರೆಬೇರೆ ಎರಡು ಗೂಡುಗಳಾಗಿ ಕಟ್ಟುವ ಬದಲು ಒಂದೇ ದೊಡ್ಡ ಕೋಣೆ ಮಾಡಿ, ಮಲಗುವ ಕೋಣೆಗೆ ತಾಗಿಸಿ, ಕೂರುವ ಕಮೋಡು, ಗೋಡೆಗೆ ಎರಡು ಕಬ್ಬಿಣದ ಹಿಡಿ, ಒರಟು ನೆಲಹಾಸು ಹಾಕಿದರೆ ನಡುವಿನ ಒಂದು ಗೋಡೆಯ ಖರ್ಚೇ ಉಳಿಯುತ್ತದೆ. ಸ್ವಿಚ್ಚುಗಳನ್ನು ಒಂದಡಿ ಕೆಳಗೆ ಇಡಲು ಎಷ್ಟು ದುಡ್ಡು? ಇವೆಲ್ಲ ಆರಂಭದಲ್ಲಿ ಮಾಡಿದರೆ ಅಗ್ಗ, ಗೋಡೆ ಒಡೆದು ಮಾಡಿದರೆ ದುಬಾರಿ.

ದಿಕ್ಕು ಬದಲಿಸುವುದು ನಮ್ಮ ಜನರಿಗೆ ಹೊಸದೂ ಅಲ್ಲ. ನೆರೆಯವರು ವಾಸ್ತುವಿಗಾಗಿ ಬಾಗಿಲು ತಿರುಗಿಸುತ್ತಾರೆ, ಅಡುಗೆಮನೆ ಒಡೆದು ಕಟ್ಟುತ್ತಾರೆ. ನಮ್ಮವರು ಶೌಚಾಲಯದ ಆಸನ ಕಿಬ್ಲಾದ ಕಡೆಗಿರಬಾರದೆಂದು ಟೇಪು ಹಿಡಿದು ನೋಡುತ್ತಾರೆ, ತಪ್ಪಿದ್ದರೆ ಕಿತ್ತು ಹಾಕಿಸುತ್ತಾರೆ. ಅದು ಆದಬ್, ಅದನ್ನು ಪಾಲಿಸಲಿ. ಆ ಆಸನದ ಮೇಲೆ ಕೂರಬೇಕಾದ ಮಗುವಿಗೆ ಅಲ್ಲಿಗೆ ತಲಪಲು ಸಾಧ್ಯವೇ ಎಂದು ಅದೇ ಟೇಪಿನಿಂದ ಒಮ್ಮೆ ಅಳೆಯಬಾರದೇ?

ಇನ್ನೊಂದು ತಪ್ಪು ತಿಳಿವಳಿಕೆ, ಯೋಗ್ಯ ಮನೆಯೆಂದರೆ ರ್‍ಯಾಂಪ್ ಎಂಬುದು. ಓಡಾಡುವ ಮಗುವಿನ ಮನೆಗೆ ಬೇಕಾದದ್ದು ಬೇರೆ. ಆಟಿಸಂ ಇರುವ ಮಗು ಕ್ಷಣದಲ್ಲಿ ಕಣ್ಮರೆಯಾಗುತ್ತದೆ. ಅದಕ್ಕೆ ನೀರೆಂದರೆ ಬಹಳ ಇಷ್ಟ, ನಮ್ಮ ಊರಿನ ತುಂಬ ಕಟ್ಟೆಯಿಲ್ಲದ ಬಾವಿ, ತೋಟದ ಕೆರೆ. ಬೀಡಿ ಕಟ್ಟುವ ತಾಯಿ ಮಧ್ಯಾಹ್ನದೊಳಗೆ ಲೆಕ್ಕ ಒಪ್ಪಿಸಬೇಕು, ಮಗುವಿನ ಹಿಂದೆ ಓಡಿದರೆ ಅಂದಿನ ಕೂಲಿ ಹೋಯಿತು. ಕೊನೆಗೆ ಮಗುವಿನ ಕಾಲಿಗೆ ಸೀರೆಯ ತುಂಡು ಕಟ್ಟಿ ಕಿಟಕಿಯ ಸರಳಿಗೆ ಬಿಗಿಯುತ್ತಾಳೆ. ಅದನ್ನು ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದು 'ಕ್ರೂರ ತಾಯಿ' ಎಂದು ಹಂಚುತ್ತಾರೆ. ಅಂಗಳಕ್ಕೆ ಆಳೆತ್ತರದ ಒಂದು ಆವರಣ, ಬಾವಿಗೆ ಕಟ್ಟೆ ಮತ್ತು ಬಲೆ, ಬಾಗಿಲಿಗೆ ಎತ್ತರದಲ್ಲೊಂದು ಚಿಲಕ ಇದ್ದಿದ್ದರೆ ಆ ಸೀರೆಯ ತುಂಡು ಬೇಕಿರಲಿಲ್ಲ. ಸದ್ದಿಗೆ ಬೆಚ್ಚುವ ಮಗುವಿಗೆ ತಗಡಿನ ಮಾಡಿನ ಮೇಲೆ ಬೀಳುವ ಆಷಾಢದ ಮಳೆ ಒಂದು ಹಿಂಸೆ. ತಗಡಿನ ಅಡಿಗೆ ಒಂದು ಒಳಮಾಡು ಹಾಕಿದರೆ ಎಷ್ಟೋ ಸಮಾಧಾನ. ಯಾವ ಎಂಜಿನಿಯರಿಗೂ ಇದು ಹೊಳೆಯುವುದಿಲ್ಲ, ಮಗುವಿನ ತಾಯಿಗೆ ಮೊದಲ ಮಳೆಗೇ ಗೊತ್ತಾಗಿರುತ್ತದೆ. ಆಕೆಯನ್ನು ಕೇಳಬೇಕು, ಅಷ್ಟೆ.

ಸ್ವಂತ ಮನೆಯ ಮಾತಾಯಿತು. ಬಾಡಿಗೆಯವರ ಗತಿಯೇನು? ಚಿಕಿತ್ಸೆಗೆಂದೋ ವಿಶೇಷ ಶಾಲೆಗೆಂದೋ ಹಳ್ಳಿ ಬಿಟ್ಟು ಮಂಗಳೂರಿಗೆ, ಬೆಂಗಳೂರಿಗೆ ಬಂದ ಕುಟುಂಬಗಳು ಮನೆ ಹುಡುಕುವಾಗ ಅನುಭವಿಸುವ ಅವಮಾನ ಕಡಿಮೆಯದ್ದಲ್ಲ. ಹೆಸರು ಕೇಳಿದ ಕೂಡಲೇ 'ಖಾಲಿ ಇಲ್ಲ' ಎನ್ನುವ ಮಾಲಕರ ಬಗ್ಗೆ ನಾವು ಬಹಳ ಬರೆದಿದ್ದೇವೆ, ಬರೆಯಲೂಬೇಕು. ಆದರೆ ಮುಸ್ಲಿಮ್ ಬಡಾವಣೆಯಲ್ಲಿ, ಮುಸ್ಲಿಮ್ ಮಾಲಕನ ಬಳಿ ಇದೇ ಕುಟುಂಬಕ್ಕೆ ಸಿಗುವ ಉತ್ತರವೇನು? 'ಮಗು ರಾತ್ರಿ ಕೂಗುತ್ತದಂತೆ, ಪಕ್ಕದವರಿಗೆ ತೊಂದರೆ.' 'ಗೋಡೆಗೆ ಹಿಡಿ ಜಡಿಯುವುದಾದರೆ ಬೇಡ, ಟೈಲ್ಸ್ ಹಾಳಾಗುತ್ತದೆ.' 'ಲಿಫ್ಟಿನಲ್ಲಿ ಬೇರೆ ಮಕ್ಕಳು ಹೆದರುತ್ತಾರೆ.' ಮೊದಲನೆಯವನು ಧರ್ಮ ನೋಡಿ ಬಾಗಿಲು ಮುಚ್ಚಿದ, ಎರಡನೆಯವನು ಮಗುವನ್ನು ನೋಡಿ ಮುಚ್ಚಿದ. ಬೀದಿಯಲ್ಲಿ ನಿಂತ ತಾಯಿಗೆ ಎರಡೂ ಬಾಗಿಲು ಒಂದೇ ಸದ್ದು ಮಾಡುತ್ತವೆ. ಇಂಥವರಿಗೆ 'ಹಾಸ್ಟೆಲಿಗೆ ಸೇರಿಸಿಬಿಡಿ' ಎಂದು ಬುದ್ಧಿ ಹೇಳುವವರೂ ಇದ್ದಾರೆ. ವಿಕಲತೆಯ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದು, ಮಗುವಿನ ಹಿತಕ್ಕೆ ಅಗತ್ಯವೆಂದು ನ್ಯಾಯಾಲಯ ಆದೇಶಿಸಿದರೆ ಮಾತ್ರ ಅದು ಸಾಧ್ಯ ಎಂದು 2016ರ ಕಾಯ್ದೆಯ 9ನೇ ಕಲಂ ಹೇಳುತ್ತದೆ. ನ್ಯಾಯಾಲಯವೇ ಅಷ್ಟು ಯೋಚಿಸಿ ಮಾಡಬೇಕಾದದ್ದನ್ನು ನಮ್ಮ ಮನೆ ಮಾಲಕರು ಗೇಟಿನ ಬಳಿ ನಿಂತು ಮಾಡಿ ಮುಗಿಸುತ್ತಾರೆ.

ಇಷ್ಟೆಲ್ಲಕ್ಕೂ ನಮ್ಮ ಸಮಾಜದ ಬಳಿ ಒಂದು ಸಿದ್ಧ ಔಷಧಿಯಿದೆ: ಸಬ್ರ್. 'ಸಹನೆ ವಹಿಸು ತಾಯಿ, ಇದು ಅಲ್ಲಾಹನ ಪರೀಕ್ಷೆ, ಸ್ವರ್ಗದಲ್ಲಿ ನಿನಗೆ ಉನ್ನತ ಸ್ಥಾನವಿದೆ.' ಆಕೆಗೆ ಆ ಸ್ಥಾನ ಸಿಗುವುದರಲ್ಲಿ ನಮಗೆ ಸಂದೇಹವಿಲ್ಲ. ಸಂದೇಹವಿರುವುದು ಈ ಮಾತು ಹೇಳಿ ಕೈತೊಳೆದುಕೊಳ್ಳುವವರ ಸ್ಥಾನದ ಬಗ್ಗೆ. ಮಗುವಿನ ವಿಕಲತೆ ಅಲ್ಲಾಹನ ಪರೀಕ್ಷೆ ಇರಬಹುದು, ಮೂರು ಮೆಟ್ಟಿಲು ಕಟ್ಟಿದ್ದು ಮೇಸ್ತ್ರಿ. ಮನುಷ್ಯ ಸಿಮೆಂಟಿನಲ್ಲಿ ಕಟ್ಟಿದ್ದನ್ನು ವಿಧಿಯ ಲೆಕ್ಕಕ್ಕೆ ಬರೆಯುವುದು ಯಾವ ಸೀಮೆಯ ಈಮಾನ್?

ಪ್ರವಾದಿಯವರ(ಸ) ಕಾಲದಲ್ಲಿ ಇತ್‌ಬಾನ್ ಬಿನ್ ಮಾಲಿಕ್(ರ) ಎಂಬ ಸಹಾಬಿಯಿದ್ದರು. ದೃಷ್ಟಿ ಮಂದವಾಗಿತ್ತು. ಮಳೆ ಬಂದರೆ ಅವರ ಮನೆಗೂ ಜನರ ಮಸೀದಿಗೂ ನಡುವಿನ ಹಳ್ಳ ತುಂಬಿ ಹರಿಯುತ್ತಿತ್ತು, ದಾಟಲಾಗುತ್ತಿರಲಿಲ್ಲ. ನಮ್ಮ ತೋಡು, ಸಂಕಗಳ ಕಥೆಯೇ. ಅವರು ಪ್ರವಾದಿಯವರಲ್ಲಿ(ಸ) ಬಂದು, ತಾವು ತಮ್ಮ ಮನೆಗೆ ಬಂದು ಒಂದು ಕಡೆ ನಮಾಝ್ ಮಾಡಿದರೆ ಆ ಜಾಗವನ್ನು ತಾನು ನಮಾಝಿನ ಸ್ಥಳವಾಗಿಸಿಕೊಳ್ಳುವೆನೆಂದು ವಿನಂತಿಸಿದರು. ಪ್ರವಾದಿಯವರು(ಸ) ಹೋದರು. ಬುಖಾರಿಯಲ್ಲಿ ದಾಖಲಾಗಿರುವ ಈ ಹದೀಸಿನಲ್ಲಿ ನಮ್ಮ ಗಮನ ಸೆಳೆಯಬೇಕಾದ ಒಂದು ಸಣ್ಣ ವಿವರವಿದೆ. ಮನೆಯೊಳಗೆ ಬಂದ ಪ್ರವಾದಿಯವರು(ಸ) ಕೂರುವುದಕ್ಕೂ ಮೊದಲು, ಮನೆಯ ಯಾವ ಭಾಗದಲ್ಲಿ ತಾನು ನಮಾಝ್ ಮಾಡಬೇಕೆಂದು ನೀನು ಬಯಸುತ್ತೀ ಎಂದು ಅವರನ್ನು ಕೇಳಿದರು. ಲೋಕಕ್ಕೆ ಮಾರ್ಗದರ್ಶಕರಾದವರು ಕಣ್ಣು ಮಂದವಾದ ಒಬ್ಬ ಮನುಷ್ಯನ ಮನೆಯಲ್ಲಿ, ಅವನ ಮನೆಯ ಬಗ್ಗೆ, ಅವನನ್ನೇ ಕೇಳಿದರು. ನಮ್ಮ ಕಟ್ಟಡ ಸಮಿತಿಗಳಿಗೆ ಈ ಸುನ್ನತ್ ಯಾಕೆ ನೆನಪಾಗುವುದಿಲ್ಲ? ಅಂಧರಾಗಿದ್ದ ಇಬ್ನ್ ಉಮ್ಮಿ ಮಕ್ತೂಮ್(ರ) ಕುರಿತು ಕುರ್‌ಆನಿನ ಅಬಸ ಅಧ್ಯಾಯವೇ ಅವತೀರ್ಣವಾಯಿತು, ಪ್ರವಾದಿಯವರು(ಸ) ಮದೀನಾದ ಹೊರಗೆ ಹೋಗುವಾಗ ಹಲವು ಬಾರಿ ಅವರನ್ನೇ ತಮ್ಮ ಸ್ಥಾನದಲ್ಲಿ ಬಿಟ್ಟು ಹೋದರು ಎಂದು ಉಪನ್ಯಾಸಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಉಮಯ್ಯಾ ಖಲೀಫಾ ವಲೀದ್ (ಆಡಳಿತ 705–715) ನಡೆಯಲಾಗದ ಪ್ರತಿಯೊಬ್ಬನಿಗೂ ಒಬ್ಬ ಸೇವಕನನ್ನು, ಪ್ರತಿಯೊಬ್ಬ ಅಂಧನಿಗೂ ಕೈಹಿಡಿದು ನಡೆಸುವವನನ್ನು ಖಜಾನೆಯ ಖರ್ಚಿನಲ್ಲಿ ಕೊಟ್ಟದ್ದನ್ನು ತಬರಿಯ ಇತಿಹಾಸ ದಾಖಲಿಸುತ್ತದೆ. ಹೇಳಿಕೊಳ್ಳಲು ಚರಿತ್ರೆ ಬೇಕಾದಷ್ಟಿದೆ. ಹೇಳಿ ಮುಗಿಸಿ ಹೊರಬರುವ ಮಸೀದಿಯ ಮುಂದೆ ಅಮೃತಶಿಲೆಯ ಒಂಬತ್ತು ಮೆಟ್ಟಿಲು. ಅಂಗಸ್ನಾನದ ಕೊಳದ ಬಳಿ ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ. ಮಿನಾರ ಎತ್ತರಿಸಲು ಬಂದ ಹಣದಲ್ಲಿ ಮೆಟ್ಟಿಲ ಪಕ್ಕ ಒಂದು ಇಳಿಜಾರು ಬರಲಿಲ್ಲ. ಇಂಥ ಕಟ್ಟಡ ನೋಡಿ ಕಲಿತ ಸಮಿತಿ ಬಡವನ ಮನೆಗೆ ಬೇರೆ ನಕ್ಷೆ ಹಾಕೀತೇ?

ಇದನ್ನು ಹೇಳಿದಾಗ ಸಮಿತಿಯವರು ಕೊಡುವ ಉತ್ತರ ನಮಗೆ ಗೊತ್ತು. 'ಇದ್ದ ಹಣದಲ್ಲಿ ಹತ್ತು ಮನೆ ಆಗಬೇಕು. ಒಂದೊಂದಕ್ಕೂ ಇಷ್ಟು ನೋಡುತ್ತ ಕೂತರೆ ಏಳೂ ಆಗುವುದಿಲ್ಲ.' ಹತ್ತೂ ಮನೆಗಳಲ್ಲಿ ಇಂಥ ಮಗುವಿರುವುದಿಲ್ಲವಲ್ಲ? ಒಂದರಲ್ಲೋ ಎರಡರಲ್ಲೋ ಇರುತ್ತದೆ. ಆ ಒಂದು ಮನೆಗೆ ಹತ್ತನೇ ಮನೆಯ ಹಣದಲ್ಲಿ ಸ್ವಲ್ಪ ಸೇರಲಿ, ಹತ್ತನೆಯದು ಮುಂದಿನ ರಮಝಾನ್‌ಗೆ ನಿಲ್ಲಲಿ. ಬ್ಯಾನರಿನ ಮೇಲೆ ಒಂಬತ್ತು ಎಂದು ಬರೆಯಲು ಮನಸ್ಸು ಹಿಂಜರಿಯುತ್ತದೆ, ಸಮಸ್ಯೆ ಇರುವುದು ಅಲ್ಲಿ. ಈಗಾಗಲೇ ಕಟ್ಟಿಕೊಟ್ಟ ಮನೆಗಳ ಪಟ್ಟಿ ಪ್ರತಿ ಸಂಘದ ಬಳಿಯೂ ಇದೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಆ ಪಟ್ಟಿಯಲ್ಲಿ ಅಂಥ ಒಂದು ಮನೆಯೂ ಇಲ್ಲವೆಂದು ಯಾರೂ ಹೇಳಲಾರರು. ಈ ಬೇಸಿಗೆಯಲ್ಲಿ ಹೊಸ ಅಡಿಪಾಯಕ್ಕೆ ಮೊದಲು ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಆ ಹಳೆಯ ಮನೆಗಳಿಗೆ ಹೋಗಿ ಬನ್ನಿ. ಕ್ಯಾಮರಾ ಬೇಡ, ಟೇಪು ಇರಲಿ.

ಕೊನೆಯದಾಗಿ, ಯಾರೂ ಬಾಯಿ ಬಿಡದ ಒಂದು ವಿಷಯ. ಈ ಮಕ್ಕಳ ತಂದೆತಾಯಿಗಳನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ, ನಮ್ಮ ನಂತರ ಇವನು ಎಲ್ಲಿ? ಇಸ್ಲಾಮೀ ಉತ್ತರಾಧಿಕಾರದಲ್ಲಿ ವಿಕಲತೆ ಯಾರ ಪಾಲನ್ನೂ ಕಸಿಯುವುದಿಲ್ಲ. ಮಾತು ಬಾರದ, ಬುದ್ಧಿ ಬೆಳೆಯದ ಮಗನಿಗೂ ಅವನ ಅಣ್ಣನಷ್ಟೇ ಪಾಲು, ಮಗಳಿಗೂ ಅವಳ ಪಾಲು ಪೂರ್ತಿ. ಆಚರಣೆಯಲ್ಲಿ ನಡೆಯುವುದೇ ಬೇರೆ. ತಂದೆ ತೀರಿ ವರ್ಷವಾಗುವುದರೊಳಗೆ ಪಾಲುಪಟ್ಟಿಯಾಗುತ್ತದೆ. 'ಅವನಿಗೆ ಆಸ್ತಿ ಯಾಕೆ, ನಾವು ನೋಡಿಕೊಳ್ಳುತ್ತೇವಲ್ಲ' ಎಂದು ಅಣ್ಣಂದಿರು ಹಂಚಿಕೊಳ್ಳುತ್ತಾರೆ. ಮನೆ ಮಾರಾಟವಾಗುತ್ತದೆ. ಹುಟ್ಟಿದಂದಿನಿಂದ ಅದೇ ಗೋಡೆ ತಡಕಿ, ಅದೇ ಕಿಟಕಿಯ ಬೆಳಕು ನೋಡಿ ಬೆಳೆದವನನ್ನು ಮೂರು ತಿಂಗಳು ಒಬ್ಬನ ಮನೆ, ಮೂರು ತಿಂಗಳು ಇನ್ನೊಬ್ಬನ ಮನೆ ಎಂದು ಸಾಮಾನಿನಂತೆ ಸಾಗಿಸಲಾಗುತ್ತದೆ. ಹೆತ್ತವರು ಬದುಕಿರುವಾಗಲೇ ಮನೆಯನ್ನೋ ಅದರ ಒಂದು ಭಾಗವನ್ನೋ ಆ ಮಗುವಿಗೆ ಹಿಬಾ ಮಾಡುವುದು ಹೇಗೆ, ಉಳಿದ ಮಕ್ಕಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ನಮ್ಮ ಉಲಮಾಗಳು ಜುಮಾ ಖುತ್ಬಾದಲ್ಲಿ ವಿವರಿಸಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಪೋಷಕರನ್ನು ನೇಮಿಸಿಕೊಳ್ಳಲು ಅವಕಾಶವಿದೆ. ಆ ಅರ್ಜಿ ತುಂಬಿಕೊಡಲು ಊರಿಗೊಬ್ಬ ಓದಿದ ಹುಡುಗ ಸಾಕು. ವಕ್ಫ್ ಆಸ್ತಿಯಲ್ಲಿ ಅಂಗಡಿ ಸಾಲು ಕಟ್ಟಿ ಬಾಡಿಗೆ ಎಣಿಸುವ ಆಡಳಿತ ಮಂಡಳಿಗಳು ಒಂದು ಮೂಲೆಯಲ್ಲಿ, ನೆಲದ ಮಟ್ಟದಲ್ಲಿ, ಇಂಥ ನಾಲ್ಕು ಕುಟುಂಬಗಳಿಗೆ ಮನೆ ಕಟ್ಟಿದರೆ ವಕ್ಫ್ ಮಾಡಿದವರ ಆತ್ಮಕ್ಕೆ ತಂಪಾದೀತು.

ಅಲ್ಲಿಯವರೆಗೆ ಕನಿಷ್ಠ ಒಂದು ಕೆಲಸ ಆಗಲಿ. ಇಂಥ ಮಗುವಿರುವ ಮನೆಯ ಪಾಲುಪಟ್ಟಿ ಓದದೆ ಯಾರೂ ಸಾಕ್ಷಿ ಹಾಕಬೇಡಿ. ಹೆಬ್ಬೆಟ್ಟು ಯಾರದ್ದು, ಅದನ್ನು ಹಿಡಿದು ಒತ್ತಿಸಿದವರು ಯಾರು ಎಂದು ಊರಿಗೆ ಗೊತ್ತಿರುತ್ತದೆ. ಸಾಕ್ಷಿಗಳ ಸಾಲಿನಲ್ಲಿ ಜಮಾಅತ್‌ನ ಪದಾಧಿಕಾರಿಗಳ ಸಹಿಯೂ ಇರುತ್ತದೆ.